ಕೋಆರ್ಡಿನೇಟರ್ ಗೆಲ್ಲುವುದು ಆಟಗಾರರಿಂದಲೋ, ತನ್ನ ತಲೆಯಿಂದಲೋ?

ನೀವು ಕೇಳಿದ್ದು ಇದು: ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ತಂಡ ಸೋತರೆ ಮೊದಲು ಕೋಆರ್ಡಿನೇಟರ್ (ಹೆಡ್ ಕೋಚ್ ಕೈಕೆಳಗೆ ಆಫೆನ್ಸ್ ಅಂದರೆ ದಾಳಿ, ಇಲ್ಲವೇ ಡಿಫೆನ್ಸ್ ಅಂದರೆ ರಕ್ಷಣೆ ನೋಡಿಕೊಳ್ಳುವ ಕೋಚ್) ತಲೆದಂಡ ಆಗುತ್ತದೆ, ಗೆದ್ದರೆ ಅದೇ ಮನುಷ್ಯನನ್ನು ಇನ್ನೊಂದು ತಂಡ ಹೆಡ್ ಕೋಚ್ ಮಾಡಿಕೊಂಡು ಹೋಗುತ್ತದೆ, ಇದರಲ್ಲಿ ಅವರ ಪಾಲು ನಿಜವಾಗಿ ಎಷ್ಟು? ಒಳ್ಳೆಯ ಆಟಗಾರರಿದ್ದರೆ ಯಾರು ಬೇಕಾದರೂ ಗೆಲ್ಲಿಸಬಹುದಲ್ವಾ?

ಯಾರು ಬೇಕಾದರೂ ಗೆಲ್ಲಿಸಲು ಆಗುವುದಿಲ್ಲ. ಆದರೆ ಒಳ್ಳೆಯ ಆಟಗಾರರಿಲ್ಲದೆ ಗೆಲ್ಲಿಸಿದ ಕೋಆರ್ಡಿನೇಟರನ್ನು ನಾನಂತೂ ನೋಡಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ತಂಡ ಎಷ್ಟು ಎತ್ತರಕ್ಕೆ ಹೋಗಬಹುದು ಅನ್ನುವುದು ಆಟಗಾರರಿಂದ ನಿರ್ಧಾರ ಆಗುತ್ತದೆ. ಆ ಎತ್ತರಕ್ಕೆ ಮುಟ್ಟುತ್ತದೋ ಅರ್ಧದಲ್ಲೇ ನಿಲ್ಲುತ್ತದೋ ಅನ್ನುವುದು ಕೋಆರ್ಡಿನೇಟರ್ ಕೈಯಲ್ಲಿದೆ. ಇದರಲ್ಲಿ ಅವರು ಹಾಳು ಮಾಡುವ ಸಾಧ್ಯತೆ, ಉದ್ಧಾರ ಮಾಡುವ ಸಾಧ್ಯತೆಗಿಂತ ಜಾಸ್ತಿ.

ಮೊದಲು ಈ ಆಟವನ್ನು ಅಷ್ಟಾಗಿ ನೋಡದವರಿಗೆ ಒಂದು ಮಾತು. ಇದು ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್. ಕ್ರಿಕೆಟ್‌ನಲ್ಲಿ ಬಾಲ್ ಬಿದ್ದ ಮೇಲೆ ಏನು ಮಾಡಬೇಕು ಅಂತ ಬ್ಯಾಟ್ಸ್‌ಮನ್ ತಾನೇ ತೀರ್ಮಾನ ಮಾಡುತ್ತಾನೆ, ಕೋಚ್ ಡ್ರೆಸಿಂಗ್ ರೂಮಿನಲ್ಲಿ ಕೂತು ನೋಡುತ್ತಿರುತ್ತಾನೆ. ಇಲ್ಲಿ ಹಾಗಲ್ಲ. ಪ್ರತಿ ಪ್ಲೇಗೂ, ಅಂದರೆ ಚೆಂಡು ಆಟಕ್ಕೆ ಬರುವ ಪ್ರತಿ ಸಲಕ್ಕೂ, ಹನ್ನೊಂದು ಜನ ಯಾರು ಎಲ್ಲಿ ನಿಲ್ಲಬೇಕು, ಯಾರು ಎತ್ತ ಓಡಬೇಕು, ಯಾರು ಯಾರನ್ನು ತಡೆಯಬೇಕು ಅನ್ನುವುದು ಮೊದಲೇ ಬರೆದಿಟ್ಟ ಲೆಕ್ಕ. ಹೆಚ್ಚಿನ ತಂಡಗಳಲ್ಲಿ ಆ ಪ್ಲೇ ಆರಿಸುವವರು ಆಫೆನ್ಸಿವ್ ಕೋಆರ್ಡಿನೇಟರ್, ಕೆಲವು ಕಡೆ ಹೆಡ್ ಕೋಚ್ ತಾನೇ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನ ಒಳಗೆ ರೇಡಿಯೊ ಇರುತ್ತದೆ, ಪ್ಲೇ ಶುರು ಮಾಡಲು ಇರುವ ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್ ಆಗುತ್ತದೆ. ಆಮೇಲೆ ಏನಾದರೂ ಆಟಗಾರನದ್ದೇ ಜವಾಬ್ದಾರಿ. ಡಿಫೆನ್ಸಿವ್ ಕೋಆರ್ಡಿನೇಟರಿಗೂ ಇದೇ ವ್ಯವಸ್ಥೆ ಇದೆ, ಅವರ ಕಡೆಯ ಒಬ್ಬ ಆಟಗಾರನ ಕಿವಿಯಲ್ಲೂ ರೇಡಿಯೊ. ಹಾಗಾಗಿ ಇವರ ಪಾಲು ಸಣ್ಣದು ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ಎರಡು ಉದಾಹರಣೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಜೋಡಿ ನನಗೆ ಸಿಕ್ಕಿಲ್ಲ.

2007ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಲೀಗ್ ಹಂತದ 16 ಪಂದ್ಯಗಳನ್ನೂ ಗೆದ್ದಿತು. 589 ಪಾಯಿಂಟ್, ಆಗಿನ ದಾಖಲೆ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 50 ಟಚ್‌ಡೌನ್ ಪಾಸ್ (ಹಿಡಿದವರು ಎದುರಾಳಿಯ ಕೊನೆಯ ಗೆರೆ ದಾಟಿ ಪಾಯಿಂಟ್ ಗಳಿಸುವ ಎಸೆತ) ಎಸೆದರು, ಅದರಲ್ಲಿ 23 ರ‍್ಯಾಂಡಿ ಮಾಸ್ ಒಬ್ಬರೇ ಹಿಡಿದರು. ಕೋಆರ್ಡಿನೇಟರ್ ಜಾಷ್ ಮೆಕ್‌ಡ್ಯಾನಿಯಲ್ಸ್. ಮುಂದಿನ ಸೀಸನ್‌ನ ಮೊದಲ ಪಂದ್ಯದಲ್ಲೇ ಬ್ರೇಡಿ ಮೊಣಕಾಲು ಹೋಯಿತು. ಅವರ ಜಾಗಕ್ಕೆ ಬಂದ ಮ್ಯಾಟ್ ಕ್ಯಾಸೆಲ್ ಹೈಸ್ಕೂಲ್ ಆದಮೇಲೆ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ಪಂದ್ಯದಲ್ಲೂ ಶುರುವಿನಿಂದ ಆಡಿದವರಲ್ಲ. ಅದೇ ಹೆಡ್ ಕೋಚ್, ಅದೇ ಕೋಆರ್ಡಿನೇಟರ್, ಅದೇ ಮಾಸ್. ಪಾಯಿಂಟ್ 589ರಿಂದ 410ಕ್ಕೆ ಇಳಿಯಿತು. ಅಂದರೆ 179 ಕಡಿಮೆ.

2016ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ 540 ಪಾಯಿಂಟ್ ಗಳಿಸಿತು. ಕೋಆರ್ಡಿನೇಟರ್ ಕೈಲ್ ಶ್ಯಾನಹನ್. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ 38 ಟಚ್‌ಡೌನ್ ಎಸೆದು ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ, ಆದರು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ 28-3 ಮುಂದಿದ್ದು ಸೋತದ್ದು ಇದೇ ತಂಡ, ನಿಮಗೂ ಗೊತ್ತಿರಬಹುದು. ಆಮೇಲೆ ಶ್ಯಾನಹನ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೆಡ್ ಕೋಚ್ ಆಗಿ ಹೋದರು. ರಯನ್ ಉಳಿದರು, ಎಸೆದ ಚೆಂಡು ಹಿಡಿಯುವ ರಿಸೀವರ್ ಹೂಲಿಯೊ ಜೋನ್ಸ್ ಉಳಿದರು, ಆಫೆನ್ಸ್‌ನ ಮುಖ್ಯ ಆಟಗಾರರೆಲ್ಲ ಹೆಚ್ಚುಕಡಿಮೆ ಅವರೇ. 2017ರಲ್ಲಿ ಅದೇ ತಂಡ 353 ಪಾಯಿಂಟ್ ಗಳಿಸಿತು, ರಯನ್ ಟಚ್‌ಡೌನ್ 20ಕ್ಕೆ ಇಳಿಯಿತು. 187 ಪಾಯಿಂಟ್ ಕಡಿಮೆ.

ಒಂದು ಕಡೆ ಕ್ವಾರ್ಟರ್‌ಬ್ಯಾಕ್ ಹೋದರು, ಇನ್ನೊಂದು ಕಡೆ ಕೋಆರ್ಡಿನೇಟರ್ ಹೋದರು. ಬಿದ್ದ ಹೊಡೆತ ಹತ್ತಿರ ಹತ್ತಿರ ಒಂದೇ. ಇದನ್ನೇ ಹಿಡಿದುಕೊಂಡು ಇಬ್ಬರ ಬೆಲೆಯೂ ಸಮ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ 2007 ಮತ್ತು 2016 ಎರಡೂ ಆ ತಂಡಗಳಿಗೆ ಎಲ್ಲವೂ ಕೂಡಿಬಂದ ವರ್ಷಗಳು, ಯಾರೂ ಬದಲಾಗದೇ ಇದ್ದರೂ ಮರುವರ್ಷ ಸ್ವಲ್ಪ ಇಳಿಯುತ್ತಿದ್ದವು. ಆದರೂ ಬರೀ ಆಟಗಾರರೇ ಎಲ್ಲ ಅನ್ನುವವರು ಫಾಲ್ಕನ್ಸ್ ಲೆಕ್ಕಕ್ಕೆ ಉತ್ತರ ಕೊಡಬೇಕು, ಕೋಆರ್ಡಿನೇಟರೇ ಎಲ್ಲ ಅನ್ನುವವರು ಪೇಟ್ರಿಯಟ್ಸ್ ಲೆಕ್ಕಕ್ಕೆ. ಇನ್ನೂ ಒಂದು ಮಾತು: ಕ್ಯಾಸೆಲ್ ಜೊತೆಯಲ್ಲೂ ಪೇಟ್ರಿಯಟ್ಸ್ 11 ಪಂದ್ಯ ಗೆದ್ದಿತು. ಮೆಕ್‌ಡ್ಯಾನಿಯಲ್ಸ್ ಜೀವನದಲ್ಲಿ 16-0 ಸೀಸನ್‌ಗಿಂತ ಆ 11 ಗೆಲುವೇ ದೊಡ್ಡ ಕೆಲಸ ಅಂತ ನನಗೆ ಅನಿಸುತ್ತದೆ.

ತಂಡಗಳ ಮಾಲೀಕರು ಇದನ್ನು ಮರೆಯುವುದೇ ಬೇಜಾರಿನ ವಿಷಯ. ಗೆದ್ದೆತ್ತಿನ ಬಾಲ ಹಿಡಿಯುವುದು ಅವರಿಗೆ ಅಭ್ಯಾಸ. 2013ರಲ್ಲಿ ಡೆನ್ವರ್ ಬ್ರಾಂಕೋಸ್ 606 ಪಾಯಿಂಟ್ ಗಳಿಸಿ ಪೇಟ್ರಿಯಟ್ಸ್ ದಾಖಲೆ ಮುರಿಯಿತು, ಪೇಟನ್ ಮ್ಯಾನಿಂಗ್ 55 ಟಚ್‌ಡೌನ್. ಆಗಿನ ಕೋಆರ್ಡಿನೇಟರ್ ಆಡಮ್ ಗೇಸ್ ಹೆಸರು ಎಲ್ಲ ಕಡೆ ಓಡಾಡಿತು. ಮ್ಯಾನಿಂಗ್ ಅಂದರೆ ಲೈನ್ ಮುಂದೆ ನಿಂತು ಎದುರಾಳಿಗಳನ್ನು ನೋಡಿ ಅರ್ಧ ಪ್ಲೇಗಳನ್ನು ತಾವೇ ಬದಲಾಯಿಸುವ ಮನುಷ್ಯ. ಅಂಥವರ ಜೊತೆ ಕೆಲಸ ಮಾಡಿದ ಕೋಆರ್ಡಿನೇಟರನ್ನು ಅಳೆಯುವುದು ಹೇಗೆ? ಗೇಸ್ ಮುಂದೆ ಮಯಾಮಿಯಲ್ಲಿ ಹೆಡ್ ಕೋಚ್ ಆದರು, ಮೊದಲ ವರ್ಷ 10-6, ಆಮೇಲೆ ಇಳಿಮುಖ. ನಂತರ ನ್ಯೂಯಾರ್ಕ್ ಜೆಟ್ಸ್. 2020ರಲ್ಲಿ ಜೆಟ್ಸ್ ಗೆದ್ದದ್ದು 2, ಸೋತದ್ದು 14.

ಈಗ ಅದೇ ಕಥೆಯನ್ನು ಆಟಗಾರರ ಕಡೆಯಿಂದ ನೋಡಿ. ಮಯಾಮಿಯಲ್ಲಿ ಗೇಸ್ ಕೈಕೆಳಗೆ ಆಡಿದ ರಯನ್ ಟ್ಯಾನಹಿಲ್ 2019ರಲ್ಲಿ ಟೆನೆಸ್ಸಿಗೆ ಹೋದರು, ಅಲ್ಲಿನ ಕೋಆರ್ಡಿನೇಟರ್ ಆರ್ಥರ್ ಸ್ಮಿತ್ ಜೊತೆ ಅದೇ ವರ್ಷ ಇಡೀ ಲೀಗ್‌ನಲ್ಲಿ ಪಾಸರ್ ರೇಟಿಂಗ್‌ನಲ್ಲಿ (ಕ್ವಾರ್ಟರ್‌ಬ್ಯಾಕ್ ಎಸೆತಗಳನ್ನು ಅಳೆಯುವ ಅಂಕ) ಮೊದಲಿಗರಾದರು. ಜೆಟ್ಸ್‌ನಲ್ಲಿ ಗೇಸ್ ಕೈಯಲ್ಲಿದ್ದ ಸ್ಯಾಮ್ ಡಾರ್ನಲ್ಡ್ 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಮೂರನೆಯ ಆಯ್ಕೆ. 2020ರಲ್ಲಿ ಅವರ ಟಚ್‌ಡೌನ್ 9, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದುಬಿಟ್ಟ ಎಸೆತ) 11. ಎಲ್ಲರೂ ಈ ಹುಡುಗನ ಕಥೆ ಮುಗಿಯಿತು ಅಂದರು. 2024ರಲ್ಲಿ ಅದೇ ಡಾರ್ನಲ್ಡ್ ಮಿನೆಸೋಟ ವೈಕಿಂಗ್ಸ್‌ನಲ್ಲಿ 35 ಟಚ್‌ಡೌನ್ ಎಸೆದು ತಂಡವನ್ನು 14-3ಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪ್ಲೇ ಹೇಳುತ್ತಿದ್ದದ್ದು ಹೆಡ್ ಕೋಚ್ ಕೆವಿನ್ ಓ'ಕಾನೆಲ್. ಆದರೆ ಅಲ್ಲಿ ರಿಸೀವರ್ ಆಗಿ ಜಸ್ಟಿನ್ ಜೆಫರ್ಸನ್ ಕೂಡ ಇದ್ದರು, ಅದನ್ನು ಮರೆಯಬಾರದು. ಯಾರ ಕಡೆಯಿಂದ ಶುರು ಮಾಡಿದರೂ ಕೊನೆಗೆ ಇನ್ನೊಬ್ಬರ ಹೆಸರು ಬಂದೇ ಬರುತ್ತದೆ.

ನಡುವೆ, 2021ರಲ್ಲಿ, ಡಾರ್ನಲ್ಡ್ ಕೆರೊಲೈನಾ ಪ್ಯಾಂಥರ್ಸ್‌ನಲ್ಲಿದ್ದರು. ಅಲ್ಲಿ ಕೋಆರ್ಡಿನೇಟರ್ ಜೋ ಬ್ರೇಡಿ. (ಟಾಮ್ ಬ್ರೇಡಿಗೂ ಇವರಿಗೂ ಸಂಬಂಧ ಇಲ್ಲ.) 2019ರಲ್ಲಿ ಲೂಯಿಸಿಯಾನದ ಎಲ್‌ಎಸ್‌ಯು ಕಾಲೇಜು ತಂಡದ ಪಾಸಿಂಗ್ ಆಟವನ್ನು ಹೊಸದಾಗಿ ಕಟ್ಟಿದವರು ಇವರು. ಹಿಂದಿನ ವರ್ಷ 16 ಟಚ್‌ಡೌನ್ ಎಸೆದಿದ್ದ ಜೋ ಬರೋ ಆ ವರ್ಷ 60 ಎಸೆದರು, ತಂಡ 15-0. ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಬ್ರೇಡಿಗೆ ಬಂತು. ಆ ತಂಡದ ರಿಸೀವರ್‌ಗಳು ಯಾರು ಗೊತ್ತಾ? ಜಸ್ಟಿನ್ ಜೆಫರ್ಸನ್ ಮತ್ತು ಜಮಾರ್ ಚೇಸ್, ಇಬ್ಬರೂ ಇವತ್ತು ಎನ್‌ಎಫ್‌ಎಲ್‌ನ ಅತಿ ದೊಡ್ಡ ಹೆಸರುಗಳು. ಕೆರೊಲೈನಾದಲ್ಲಿ ಬ್ರೇಡಿಗೆ ಅಂಥ ಕ್ವಾರ್ಟರ್‌ಬ್ಯಾಕ್ ಸಿಗಲಿಲ್ಲ, ಇದ್ದ ಒಬ್ಬ ಸ್ಟಾರ್ ಕ್ರಿಶ್ಚನ್ ಮೆಕ್ಯಾಫ್ರಿ ಗಾಯದಿಂದ ಎರಡು ಸೀಸನ್‌ನಲ್ಲಿ ಆಡಿದ್ದು ಬರೀ 10 ಪಂದ್ಯ. 2021ರ ಡಿಸೆಂಬರ್‌ನಲ್ಲಿ ಬ್ರೇಡಿಯನ್ನು ತೆಗೆದರು. ಅಲ್ಲಿಂದ ಬಫಲೋ ಬಿಲ್ಸ್‌ಗೆ ಹೋಗಿ ಕ್ವಾರ್ಟರ್‌ಬ್ಯಾಕ್ ಕೋಚ್ ಆದರು, 2023ರ ನಡುವೆ ಕೋಆರ್ಡಿನೇಟರ್ ಕೆಲಸ ಬಂತು. ಮರುವರ್ಷ ತಂಡದ ಮುಖ್ಯ ರಿಸೀವರ್ ಬೇರೆ ಕಡೆ ಹೋದರೂ ಜಾಷ್ ಆ್ಯಲನ್ ಎಂವಿಪಿ ಆದರು. ಐದು ವರ್ಷದಲ್ಲಿ ಬ್ರೇಡಿಯನ್ನು ಒಮ್ಮೆ ಜಾಣ ಅಂದರು, ಒಮ್ಮೆ ದಡ್ಡ ಅಂದರು, ಮತ್ತೆ ಜಾಣ ಅಂದರು. ಅಷ್ಟರಲ್ಲಿ ಅವರ ತಲೆ ಅಷ್ಟೊಂದು ಬದಲಾಗಿರಲು ಸಾಧ್ಯವೇ ಇಲ್ಲ, ಬದಲಾದದ್ದು ಚೆಂಡು ಎಸೆಯುವ ಕೈ.

ಹಾಗಾಗಿ ಆಫೆನ್ಸ್ ವಿಷಯದಲ್ಲಿ ನನ್ನ ತೂಕ ಆಟಗಾರರ ಕಡೆ, ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಮತ್ತು ಅವರನ್ನು ಕಾಯುವ ಐದು ಜನ ಲೈನ್‌ಮನ್‌ಗಳ ಕಡೆ. ಲೈನ್ ಹಾಳಾಗಿದ್ದರೆ ರಿಸೀವರ್ ದೂರ ಓಡುವಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ನೆಲದ ಮೇಲಿರುತ್ತಾನೆ, ಪುಸ್ತಕದಲ್ಲಿರುವ ಅರ್ಧ ಪ್ಲೇಗಳು ಸುಮ್ನೆ ಕಾಗದವಾಗಿ ಉಳಿಯುತ್ತವೆ.

ಡಿಫೆನ್ಸ್ ಕಥೆ ಸ್ವಲ್ಪ ಬೇರೆ. ನಾನು ಫಿಲಡೆಲ್ಫಿಯಾ ಕಡೆಯವನು, ಈಗಲ್ಸ್ ನನ್ನ ತಂಡ, ಈ ವಿಷಯ ಬಂದರೆ ಬೇಗ ನಿಲ್ಲಿಸುವುದು ಕಷ್ಟ. 2022ರಲ್ಲಿ ನಮ್ಮ ಡಿಫೆನ್ಸ್ 70 ಸ್ಯಾಕ್ ಮಾಡಿತು, ಅಂದರೆ ಅಷ್ಟು ಸಲ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಚೆಂಡು ಎಸೆಯುವ ಮೊದಲೇ ಕೆಡವಿತು. ಸೂಪರ್ ಬೌಲ್ 38-35ಕ್ಕೆ ಸೋತೆವು, ಇಬ್ಬರು ಕೋಆರ್ಡಿನೇಟರ್‌ಗಳೂ ಹೆಡ್ ಕೋಚ್ ಆಗಿ ಹೊರಟರು. ಡಿಫೆನ್ಸ್‌ಗೆ ಬಂದವರು ಷಾನ್ ದೇಸಾಯಿ, ಭಾರತೀಯ ಮೂಲದವರು. ನಮ್ಮ ಮೂಲದ ಒಬ್ಬರು ಈ ಆಟದಲ್ಲಿ ಆ ಮಟ್ಟಕ್ಕೆ ಏರಿದ್ದು ನನಗೆ ನಿಜವಾಗಿ ಹೆಮ್ಮೆ ಕೊಟ್ಟಿತ್ತು. ತಂಡ 10-1 ಶುರು ಮಾಡಿತು, ಆಮೇಲೆ ಕುಸಿಯಿತು. ಡಿಸೆಂಬರ್ ಮಧ್ಯದಲ್ಲಿ ದೇಸಾಯಿ ಕೈಯಿಂದ ಪ್ಲೇ ಹೇಳುವ ಕೆಲಸ ಕಿತ್ತು ಮ್ಯಾಟ್ ಪಟ್ರೀಷಿಯಾಗೆ ಕೊಟ್ಟರು. ಏನಾದರೂ ಸರಿಹೋಯಿತೇ? ಇಲ್ಲ. ಅಲ್ಲಿಂದ ಪ್ಲೇಆಫ್ ಸೇರಿ ಐದು ಪಂದ್ಯದಲ್ಲಿ ಗೆದ್ದದ್ದು ಒಂದು. ಎದುರಾಳಿ ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್‌ಗಳಿಗೆ ವಯಸ್ಸಾಗಿತ್ತು, ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಜಾಗದಲ್ಲಿ ಗಟ್ಟಿ ಆಳುಗಳಿರಲಿಲ್ಲ. ಓಡಲು ಆಗದವರನ್ನು ಯಾವ ಕೋಆರ್ಡಿನೇಟರ್ ಓಡಿಸುತ್ತಾನೆ? ದೇಸಾಯಿಗೆ ಅನ್ಯಾಯ ಆಯಿತು ಅಂತ ನಾನು ಇವತ್ತಿಗೂ ಹೇಳುತ್ತೇನೆ.

2024ರಲ್ಲಿ ವಿಕ್ ಫ್ಯಾಂಜಿಯೊ ಬಂದರು. ಹಿಂದೆ ಶಿಕಾಗೋದಲ್ಲಿ ದೇಸಾಯಿ ಇವರ ಕೈಕೆಳಗೆ ಕೆಲಸ ಮಾಡಿದ್ದವರು. ಅದೇ ವರ್ಷ ಡ್ರಾಫ್ಟ್‌ನ ಮೊದಲ ಎರಡು ಸುತ್ತಿನಲ್ಲಿ ಕ್ವಿನ್ಯನ್ ಮಿಚೆಲ್, ಕೂಪರ್ ಡಿಜೀನ್ ಎಂಬ ಇಬ್ಬರು ಹೊಸ ಹುಡುಗರು ಹಿಂದಿನ ಸಾಲಿಗೆ ಬಂದರು. ಬಿಟ್ಟುಕೊಟ್ಟ ಯಾರ್ಡ್‌ಗಳ ಲೆಕ್ಕದಲ್ಲಿ ಹಿಂದಿನ ವರ್ಷ 26ನೇ ಸ್ಥಾನದಲ್ಲಿದ್ದ ಡಿಫೆನ್ಸ್ ಮೊದಲ ಸ್ಥಾನಕ್ಕೆ ಬಂತು. ಹುಡುಗರಿಂದಲೋ ಫ್ಯಾಂಜಿಯೊ ಅವರಿಂದಲೋ? ನಾನು ಇಲ್ಲಿ ಝ್ಯಾಕ್ ಬಾನ್ ಹೆಸರು ಹೇಳುತ್ತೇನೆ. ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ವರ್ಷ ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲಿ (ಚೆಂಡು ಒದೆಯುವ ಪ್ಲೇಗಳಿಗೆ ಮಾತ್ರ ಇಳಿಯುವ ಗುಂಪು) ಕಳೆದವರು. ಈಗಲ್ಸ್ ಒಂದು ವರ್ಷಕ್ಕೆ 35 ಲಕ್ಷ ಡಾಲರ್ ಕೊಟ್ಟು ತಂದಿತು, ಈ ಲೀಗ್‌ನಲ್ಲಿ ಅದು ಸಣ್ಣ ಮೊತ್ತ. ಅಂಚಿನಲ್ಲಿ ಆಡುತ್ತಿದ್ದವರನ್ನು ತಂದು ನಡುವಿನ ಲೈನ್‌ಬ್ಯಾಕರ್ ಮಾಡಿದರು. ಆ ವರ್ಷ ಬಾನ್ ಫಸ್ಟ್ ಟೀಮ್ ಆಲ್-ಪ್ರೊ, ಅಂದರೆ ಲೀಗ್‌ನ ಅತ್ಯುತ್ತಮರ ಪಟ್ಟಿಯಲ್ಲಿ. ಮೈಯಲ್ಲಿ ಆ ಶಕ್ತಿ ಮೊದಲಿನಿಂದಲೂ ಇತ್ತು, ಎಲ್ಲಿ ನಿಲ್ಲಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಕೋಆರ್ಡಿನೇಟರ್ ಕೆಲಸ ಅಂದರೆ ನನ್ನ ಪ್ರಕಾರ ಇದು.

ಆದರೆ ಸೂಪರ್ ಬೌಲ್ ನೋಡಿದರೆ ಮತ್ತೆ ಆಟಗಾರರ ಕಡೆ ವಾಲಬೇಕಾಗುತ್ತದೆ. ಕ್ಯಾನ್ಸಸ್ ಸಿಟಿ ಮೇಲೆ 40-22 ಗೆಲುವು, ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರು ಸಲ ಸ್ಯಾಕ್ ಮಾಡಿದರು, ಅದೂ ಒಂದು ಸಲವೂ ಬ್ಲಿಟ್ಜ್ ಮಾಡದೆ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಹೆಚ್ಚುವರಿ ಜನರನ್ನು ಕಳಿಸದೆ. ಹಾಗೆ ಧೈರ್ಯ ಮಾಡಲು ಮುಂದಿನ ಸಾಲಿನ ನಾಲ್ಕು ಜನರೇ ಸಾಕು ಅನ್ನುವ ನಂಬಿಕೆ ಬೇಕು. ಆ ಸಾಲಿನ ಜೇಲನ್ ಕಾರ್ಟರ್, ಜೋರ್ಡನ್ ಡೇವಿಸ್, ನೋಲನ್ ಸ್ಮಿತ್ ಮೂವರೂ 2021ರಲ್ಲಿ ಜಾರ್ಜಿಯಾ ಕಾಲೇಜು ತಂಡದಲ್ಲಿ ಜೊತೆಗೆ ಆಡಿದವರು, ಮೂವರೂ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದವರು. ಕೈಯಲ್ಲಿ ಅಂಥವರಿದ್ದರೆ ಸರಳ ಪ್ಲೇ ಸಾಕು. ಇರುವಾಗ ಸುಮ್ನೆ ಜಾಣತನ ತೋರಿಸಲು ಹೋಗದೆ ಇರುವುದೂ ಒಂದು ಕಲೆ, ಫ್ಯಾಂಜಿಯೊ ಅದನ್ನು ತೋರಿಸಿದರು.

ಜಾರ್ಜಿಯಾ ಹೆಸರು ಬಂತಲ್ಲ, ಕಾಲೇಜು ಫುಟ್‌ಬಾಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಎನ್‌ಎಫ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ, ಇದೆ, 2024ರಲ್ಲಿ ಪ್ರತಿ ತಂಡಕ್ಕೂ 25.54 ಕೋಟಿ ಡಾಲರ್. ಯಾರೂ ಎಲ್ಲ ಒಳ್ಳೆಯವರನ್ನೂ ಕೂಡಿಹಾಕಲು ಆಗುವುದಿಲ್ಲ, ಹಾಗಾಗಿ ಕೋಚ್‌ಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಕಾಲೇಜಿನಲ್ಲಿ ದೊಡ್ಡ ಹೆಸರಿನ ಕೆಲವೇ ಕಾಲೇಜುಗಳು ಒಳ್ಳೆಯ ಹುಡುಗರನ್ನು ಹೆಚ್ಚುಕಡಿಮೆ ಗುತ್ತಿಗೆ ಹಿಡಿದಿರುತ್ತವೆ. ಜಾರ್ಜಿಯಾದ 2021ರ ಡಿಫೆನ್ಸ್‌ನಿಂದ ಐದು ಜನ ಮುಂದಿನ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದರು. ಕೋಆರ್ಡಿನೇಟರ್ ಡ್ಯಾನ್ ಲ್ಯಾನಿಂಗ್ ಆರೆಗಾನ್‌ಗೆ ಹೆಡ್ ಕೋಚ್ ಆಗಿ ಹೋದರು. ಅಷ್ಟೆಲ್ಲ ಆದಮೇಲೂ ಮರುವರ್ಷ ಜಾರ್ಜಿಯಾ ಫೈನಲ್‌ನಲ್ಲಿ 65-7ಕ್ಕೆ ಗೆದ್ದಿತು! ಬೆಂಚಿನಲ್ಲಿ ಕಾಯುತ್ತಿದ್ದ ಹುಡುಗರೂ ಅಷ್ಟೇ ಗಟ್ಟಿಗರು. ಕಾಲೇಜು ಕೋಆರ್ಡಿನೇಟರ್ ಒಬ್ಬನ ಅಂಕಿಅಂಶ ನೋಡಿ ಮರುಳಾಗುವ ಮೊದಲು ಅವನ ತಂಡಕ್ಕೆ ಯಾರು ಯಾರು ಸೇರಿದ್ದರು ಅಂತ ನೋಡಲೇಬೇಕು.

ನಿಮ್ಮ ತಂಡದಲ್ಲಿ ಈಗ ಹೊಸ ಆಫೆನ್ಸಿವ್ ಕೋಆರ್ಡಿನೇಟರ್ ಬರುತ್ತಿದ್ದಾರೆ, ಖುಷಿಪಡಬೇಕೋ ಬೇಡವೋ ಅಂತಲೂ ಬರೆದಿದ್ದೀರಿ. ಮೊದಲು ಅವರ ಹಳೆಯ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಯಾರಿದ್ದರು ನೋಡಿ. ಅವರು ಬಿಟ್ಟು ಹೋದಮೇಲೆ ಆ ತಂಡದ ಪಾಯಿಂಟ್ ಇಳಿಯಿತೋ ಹಾಗೇ ಇತ್ತೋ ನೋಡಿ. ಅಲ್ಲಿ ಸ್ಟಾರ್ ಗಾಯಗೊಂಡ ವಾರಗಳಲ್ಲಿ ಏನು ಮಾಡಿದರು ಅನ್ನುವುದು ಸಿಕ್ಕರೆ ಇನ್ನೂ ಒಳ್ಳೆಯದು. ಸೀಸನ್ ಶುರುವಾದಮೇಲೆ ಸ್ಕೋರ್ ಬಿಟ್ಟು ಎರಡನೇ, ಮೂರನೇ ದರ್ಜೆಯ ರಿಸೀವರ್ ಮತ್ತು ಟೈಟ್ ಎಂಡ್‌ಗಳ (ಲೈನ್ ಪಕ್ಕ ನಿಂತು ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರರು) ಮೇಲೆ ಕಣ್ಣಿಡಿ. ಅವರ ಸುತ್ತ ಯಾರೂ ಇಲ್ಲದ ಹಾಗೆ ಚೆಂಡು ಅವರ ಕೈಗೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಕೋಆರ್ಡಿನೇಟರ್ ಕೆಲಸ. ಸ್ಟಾರ್ ರಿಸೀವರ್ ಇಬ್ಬರ ನಡುವೆ ಹಾರಿ ಚೆಂಡು ಹಿಡಿದದ್ದನ್ನು ಮಾತ್ರ ಕೋಆರ್ಡಿನೇಟರ್ ಖಾತೆಗೆ ಬರೆಯಬೇಡಿ.