ಬಿಸಿ ಎಂಜಿನ್ ಸ್ಟಾರ್ಟ್ ಆಗ್ತಿಲ್ಲ: ಪೆಟ್ರೋಲ್ ಜಾಸ್ತಿಯೋ, ಕಮ್ಮಿಯೋ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಹರಿಕೇನ್ ಎಂಜಿನ್ನಿನ ಹಳೇ ಪೆಟ್ರೋಲ್ ಜೀಪಿದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬರುವಷ್ಟರಲ್ಲಿ ಹಠ ಹಿಡಿದಿರುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಮತ್ತೆ ಸರಿ. ಕಾಯಿಲ್, ಪ್ಲಗ್ ಬದಲಿಸಿದ್ದಾಯಿತು. ಈಗ ಮೆಕ್ಯಾನಿಕ್ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿಸಿ ಅಂತಿದ್ದಾರೆ. ಹಾಕಿಸಲೇ?

ಉತ್ತರ: ಈಗಲೇ ಬೇಡ. ಬಿಸಿಯಲ್ಲಿ ಪೆಟ್ರೋಲ್ ಜಾಸ್ತಿಯಾದರೂ ಸ್ಟಾರ್ಟ್ ಆಗುವುದಿಲ್ಲ, ಬಾರದಿದ್ದರೂ ಆಗುವುದಿಲ್ಲ. ನಿಮ್ಮ ಜೀಪಿನದು ಯಾವುದು ಅಂತ ಮೊದಲು ತಿಳಿಯಬೇಕು. ಜಾಸ್ತಿಯಾಗುತ್ತಿದ್ದರೆ ಹೊಸ ಪಂಪ್ ಕಷ್ಟವನ್ನು ಇನ್ನೂ ಹೆಚ್ಚಿಸುತ್ತದೆ.

ಎಂಜಿನ್ ಓಡುವಾಗ ಫ್ಯಾನ್ ಗಾಳಿ, ರೇಡಿಯೇಟರ್ ನೀರು, ಟ್ಯಾಂಕಿನಿಂದ ಬರುವ ಪೆಟ್ರೋಲ್ ಎಲ್ಲ ಸೇರಿ ಬಿಸಿಯನ್ನು ಹಿಡಿತದಲ್ಲಿಡುತ್ತವೆ. ಆಫ್ ಮಾಡಿದ ಕೂಡಲೇ ಮೂರೂ ನಿಲ್ಲುತ್ತವೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಬಿಸಿ ಮಾತ್ರ ಮೇಲೇರುತ್ತಲೇ ಇರುತ್ತದೆ. ಹರಿಕೇನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಒಳಹೋಗುವ ದಾರಿ) ಬೇರೆ ಇಲ್ಲ, ಅದು ಹೆಡ್ಡಿನ ಎರಕದಲ್ಲೇ ಇದೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ನೇರ ಅದರ ಮೇಲೆ ಕೂತಿದೆ. ಹೀಗಾಗಿ ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷವೇ ಕೆಟ್ಟ ಹೊತ್ತು. ಪೆಟ್ರೋಲ್‌ನ ಹಗುರ ಅಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಬೇರೆ ಇದೆ. ಅದು ಕುದಿಯುವುದು 78 ಡಿಗ್ರಿಗೆ. ಹಳೇ ರಬ್ಬರ್ ಪೈಪನ್ನೂ ಅದು ಹಾಳು ಮಾಡುತ್ತದೆ. ಪೈಪ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಇವತ್ತೇ ಬದಲಿಸಿ. ಇದರಲ್ಲಿ ತಡ ಬೇಡವೇ ಬೇಡ, ಬೆಂಕಿಯ ವಿಷಯ.

ಮುಂದಿನ ಸಲ ಜೀಪು ಹಠ ಹಿಡಿದಾಗ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಇಗ್ನಿಷನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು ಕಾರ್ಬುರೇಟರ್ ಬಾಯೊಳಗೆ ನೋಡಿ. ಹತ್ತಿರ ಬೀಡಿ, ಬೆಂಕಿ ಇರಬಾರದು. ಒಳಗೆ ಒದ್ದೆಯಾಗಿದ್ದು, ನಳಿಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದು, ವಾಸನೆ ಗಾಢವಾಗಿದ್ದರೆ ಅದು ಓವರ್‌ಫ್ಲೋ, ಅಂದರೆ ಪೆಟ್ರೋಲ್ ಉಕ್ಕಿ ಜಾಸ್ತಿಯಾಗಿದೆ. ಒಣಗಿದ್ದರೆ ಕೈಯಿಂದ ಥ್ರಾಟಲ್ ಲಿವರ್ ಎಳೆಯಿರಿ. ಪೆಟ್ರೋಲ್ ಚಿಮ್ಮದಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಖಾಲಿಯಾಗಿರಬಹುದು, ಅಂದರೆ ಪೈಪಿನಲ್ಲಿ ಅಥವಾ ಪಂಪಿನಲ್ಲಿ ಆವಿ ಕಟ್ಟಿಕೊಂಡಿರಬಹುದು. ಆಗ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಕಾಯಿರಿ. ಆಮೇಲೆ ಸ್ಟಾರ್ಟ್ ಆದರೆ ಅನುಮಾನ ಹೆಚ್ಚುಕಮ್ಮಿ ನಿಜವಾದಂತೆ. ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಅಭ್ಯಾಸ ಮಾತ್ರ ದಯವಿಟ್ಟು ಬೇಡ. ಒಂದು ಬ್ಯಾಕ್‌ಫೈರ್ ಆದರೆ ಬಾನೆಟ್‌ನೊಳಗೆಲ್ಲ ಬೆಂಕಿ.

ನೀವು ಹೇಳಿದ್ದನ್ನು ನೋಡಿದರೆ ನನಗೆ ಓವರ್‌ಫ್ಲೋ ಮೇಲೇ ಜಾಸ್ತಿ ಅನುಮಾನ. ಹಾಗಿದ್ದರೆ ಆಕ್ಸಿಲರೇಟರ್ ಪದೇ ಪದೇ ತುಳಿಯಬೇಡಿ, ತುಳಿದಷ್ಟೂ ಪೆಟ್ರೋಲ್ ಒಳಗೆ ಹೋಗುತ್ತದೆ. ಚೋಕ್ ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ನಿಧಾನಕ್ಕೆ ಒಂದೇ ಸಲ ಕೊನೆತನಕ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಸಾಕು. ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಮನೆಗೆ ಬಂದ ಮೇಲೆ ಫ್ಲೋಟ್ ಲೆವೆಲ್, ಒಳಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ನೋಡಿಸಿ. ಚೋಕ್ ಪ್ಲೇಟ್ ಪೂರ್ತಿ ತೆರೆಯುತ್ತದೆಯೇ ಅಂತಲೂ ನೋಡಿ. ಆಮೇಲೆ ಹೆಡ್ಡಿನ ಬಿಸಿ ತಡೆಯಲು ಕಾರ್ಬುರೇಟರ್ ಕೆಳಗೆ ದಪ್ಪ ಬೇಕಲೈಟ್ ಪ್ಯಾಕಿಂಗ್ ಹಾಕಿಸಿ. ಸ್ಟಡ್ ಉದ್ದದವು ಬೇಕಾಗುತ್ತವೆ, ಲಿಂಕೇಜ್ ಮತ್ತೆ ಹೊಂದಿಸಬೇಕು. ನನ್ನ ಮಟ್ಟಿಗೆ ಈ ಜೀಪಿಗೆ ಹಾಕುವ ದುಡ್ಡಿನಲ್ಲಿ ಅತಿ ಸಾರ್ಥಕವಾದದ್ದು ಇದು.

ಕಾರ್ಬುರೇಟರ್ ಒಳಗೆ ಎಲ್ಲ ಸರಿಯಿದ್ದರೆ ಬಿಸಿಯಲ್ಲೇ ಪ್ಲಗ್ ಕರೆಂಟ್ ಪರೀಕ್ಷಿಸಿ. ಅದಕ್ಕೂ ಮುಂಚೆ ಚೆಲ್ಲಿದ ಪೆಟ್ರೋಲ್ ಒರೆಸಿ, ಆವಿ ಹೋಗಲು ಬಿಡಿ. ಕಿಡಿ ಬಡಕಲಾಗಿದ್ದರೆ ಇಗ್ನಿಷನ್ನಿನ ಕಂಡೆನ್ಸರ್ ಬದಲಿಸಿ, ನೀವು ಅದನ್ನು ಮುಟ್ಟಿಲ್ಲ ಅಲ್ವಾ? ಸೆಲ್ಫೇ ನಿಧಾನವಾಗಿದ್ದರೆ ಅರ್ಥ್ ವೈರ್ ಬಿಗಿ ಮಾಡಿ.

ಎಲೆಕ್ಟ್ರಿಕ್ ಪಂಪ್ ಬೇಕಾಗುವುದು ಆವಿ ಕಟ್ಟುವುದು ಖಚಿತವಾಗಿ, ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿದ ಮೇಲೂ ನಿಲ್ಲದಿದ್ದರೆ ಮಾತ್ರ. ಆಗಲೂ 3 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿನದನ್ನೇ ಟ್ಯಾಂಕಿನ ಹತ್ತಿರ ಕೂರಿಸಿ. ಇಂಜೆಕ್ಷನ್ ಕಾರಿನ ಪಂಪ್ ಹಾಕಿದರೆ ನೀಡಲ್ ತಡೆಯುವುದಿಲ್ಲ.