'ಸರ್ವಿಸ್' ಅಂದರೆ ಕೋಲಾ ಅಂತಾನೆ!

ಪ್ರಶ್ನೆ: ಬೆಂಗಳೂರಿನಲ್ಲಿರುವ ಕೊರಿಯಾದ ಕುಟುಂಬವೊಂದರ ಹುಡುಗನಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಎಂಟನೇ ಕ್ಲಾಸು, ಚುರುಕು. ಆದರೆ 'ಸರ್ವಿಸ್' ಎಂಬ ಪದವನ್ನು 'ಸೊಬಿಸು' ಅಂತಾನೆ. ಮೊನ್ನೆ 'ಹೋಟೆಲಿನವರು ನನಗೆ ಸರ್ವಿಸ್ ಕೊಟ್ಟರು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಏನು ಕೊಟ್ಟರಪ್ಪಾ ಎಂದರೆ, ಕೋಲಾ ಎಂದ! ಹೇಗೆ ತಿದ್ದಲಿ?

ಉತ್ತರ: ಕೊರಿಯಾದಲ್ಲಿ ಹೋಟೆಲಿನವರು ಬಿಟ್ಟಿಯಾಗಿ ಸೇರಿಸಿ ಕೊಡುವುದಕ್ಕೆಲ್ಲ 'ಸೊಬಿಸು' ಅಂತಲೇ ಹೆಸರು. ನಮ್ಮ ಸಂತೆಯ ಕೊಸರು ಇದ್ದ ಹಾಗೆ. ಫೋನ್ ರಿಪೇರಿ ಮಾಡುವ ಸರ್ವಿಸ್ ಸೆಂಟರಿಗೂ ಅವರಲ್ಲಿ ಇದೇ ಪದ. ತೊಡಕು ಇಲ್ಲೇ ಇದೆ. ಹೊಸ ಪದವಾಗಿದ್ದರೆ ಹುಡುಗ ಡಿಕ್ಷನರಿ ನೋಡುತ್ತಿದ್ದ. ಇದು ಮನೆಯಲ್ಲೇ ಓಡಾಡುವ ಪದ, ಯಾಕೆ ನೋಡ್ತಾನೆ? ನಾವು ಊಟದ ಜಾಗಕ್ಕೆ ಸಲೀಸಾಗಿ ಹೋಟೆಲ್ ಅನ್ನುತ್ತೇವೆ, ಅಲ್ವಾ?

ಹಾಗಾಗಿ ಒಂದು ಪದಕ್ಕೆ ಒಂದು ಕೊರಿಯನ್ ಅರ್ಥ ಬರೆದುಕೊಳ್ಳುವ ಪಟ್ಟಿ ಇಲ್ಲಿ ಸಾಲದು. ಜೋಡಿಪದಗಳನ್ನೇ ಬರೆಸಿ: ಬಸ್ ಸರ್ವಿಸ್, ಸ್ಲೋ ಸರ್ವಿಸ್, ಸರ್ವಿಸ್ ಚಾರ್ಜ್. ಕೊನೆಯದನ್ನು ಹೋಟೆಲ್ ಬಿಲ್ಲಿನಲ್ಲೇ ತೋರಿಸಿ. ಬಿಟ್ಟಿ ಅಂದುಕೊಂಡ ಪದಕ್ಕೆ ದುಡ್ಡು ಕೇಳಿದ್ದಾರೆ ಎಂದರೆ ಮರೆಯಲಾರ! ಬಿಟ್ಟಿ ಕೋಲಾಗೆ 'ಆನ್ ದ ಹೌಸ್' ಎಂದು ಕಲಿಸಿ.

ಇನ್ನು ಉಚ್ಚಾರ. ಕೊರಿಯನ್‌ನಲ್ಲಿ ಇಂಗ್ಲಿಷಿನ 'ವಿ' ಸದ್ದಿಲ್ಲ, ಅದರ ಜಾಗಕ್ಕೆ 'ಬ' ಬರುತ್ತದೆ. ವ್ಯಾನ್, ಬ್ಯಾನ್ ಎರಡನ್ನೂ ಅವರು ಒಂದೇ ಥರ ಬರೆಯುತ್ತಾರೆ. ಮೇಲಿನ ಹಲ್ಲನ್ನು ಕೆಳದುಟಿಗೆ ತಾಗಿಸಿ, ಗಾಳಿ ಉಜ್ಜಿಕೊಂಡು ಬರುವಂತೆ ಹೇಳಿಸಿ. ನೀವೂ ಹುಷಾರು, ನಮ್ಮ 'ವ'ದಲ್ಲಿ ಆ ಉಜ್ಜುವಿಕೆ ಇಲ್ಲ.

ಕೊನೆಯ 'ಸು' ಬರುವುದಕ್ಕೂ ಕಾರಣವಿದೆ. ಕೊರಿಯನ್‌ನಲ್ಲಿ ಪದದ ಕೊನೆಗೆ 'ಸ್' ಸದ್ದು ನಿಲ್ಲುವುದಿಲ್ಲ, ಒಂದು ಸ್ವರ ಅಂಟಿಕೊಳ್ಳುತ್ತದೆ. ನಾವು ಬಸ್ಸು, ಕ್ಲಾಸು ಅನ್ನುವಂತೆಯೇ. ಆದರೆ ಅವರದು ತುಟಿ ದುಂಡಾಗದ ಸ್ವರ. ತುಳು ಬಲ್ಲವರಿಗೆ ಅವರ ಭಾಷೆಯ ಅರೆ ಉಕಾರ ನೆನಪಾದೀತು. ಸರ್-ವಿಸ್ ಎಂದು ಎರಡೇ ಚಪ್ಪಾಳೆ ತಟ್ಟಿಸಿ, ಮೊದಲನೆಯದು ಜೋರಾಗಿರಲಿ. ಪುಸ್ತಕದಲ್ಲಿ ಇಂಗ್ಲಿಷ್ ಪದದ ಮೇಲೆ ಕೊರಿಯನ್ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುತ್ತಿದ್ದರೆ ಮೊದಲು ಅದನ್ನು ಬಿಡಿಸಿ. ಆ ಲಿಪಿಯಲ್ಲಿ ಬರೆದರೆ ಮೂರು ಚಪ್ಪಾಳೆ ಗ್ಯಾರಂಟಿ.

ಇಂಥವು ಇನ್ನೂ ಇವೆ. ಕೊರಿಯಾದಲ್ಲಿ 'ಕನ್ನಿಂಗ್' ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು, 'ಹ್ಯಾಂಡಲ್' ಅಂದರೆ ಕಾರಿನ ಸ್ಟೀರಿಂಗ್. 'ಮೀಟಿಂಗ್' ಅಂದರೆ ಹುಡುಗ ಹುಡುಗಿಯರು ಗುಂಪಾಗಿ ಸೇರುವ ಡೇಟಿಂಗ್. ಇದನ್ನು ಅವನು ಕಾಲೇಜಿಗೆ ಹೋದ ಮೇಲೆ ತಿದ್ದಿದರೂ ನಡೆದೀತು.