ಗೂಗಲ್‌ನಲ್ಲಿ ನಮ್ಮ ಹೋಂಸ್ಟೇ ಯಾಕೆ ಕಾಣುವುದಿಲ್ಲ?

ವೆಬ್‌ಸೈಟ್ ಇಟ್ಟುಕೊಂಡವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಘಟ್ಟದ ಮೇಲಿನ ಹೋಂಸ್ಟೇಗಳವೇ ಜಾಸ್ತಿ. ಒಂದೇ ಥರದವನ್ನು ಸೇರಿಸಿ, ಮೊದಲ ಪ್ರಶ್ನೆಗೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರಿಗೂ ಅದರಲ್ಲಿ ಬೇಕಾದದ್ದು ಸಿಗುತ್ತದೆ.

ಪ್ರಶ್ನೆ: ಶಿರಸಿಯಿಂದ ಸ್ವಲ್ಪ ಒಳಗೆ, ನಮ್ಮ ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಿದ್ದೇವೆ. ಹೋದ ವರ್ಷ ವೆಬ್‌ಸೈಟ್ ಮಾಡಿಸಿದೆವು. ನಮ್ಮ ಹೋಂಸ್ಟೇ ಹೆಸರು ಹಾಕಿದರೆ ಗೂಗಲ್‌ನಲ್ಲಿ ಬರುತ್ತದೆ. ಬರೀ ‘ಶಿರಸಿ ಹೋಂಸ್ಟೇ’ ಅಂತ ಹಾಕಿದರೆ ಎಷ್ಟು ಕೆಳಗೆ ಹೋದರೂ ಇಲ್ಲ, ಬುಕಿಂಗ್ ಕಂಪನಿಗಳೇ ತುಂಬಿಕೊಂಡಿವೆ. ಸೈಟ್ ಮಾಡಿಕೊಟ್ಟವರು ‘ಕೀವರ್ಡ್ ಎಲ್ಲ ಹಾಕಿದ್ದೇವೆ, ಕಾಯಿರಿ’ ಎನ್ನುತ್ತಾರೆ. ಎಷ್ಟು ದಿನ ಕಾಯೋದು? ಸೈಟಿನ ವಿಳಾಸ ಕಳಿಸಿದ್ದೇವೆ, ನೋಡಿ ಹೇಳಿ.

ಉತ್ತರ: ಹೆಸರು ಹಾಕಿದರೆ ಬರುತ್ತದೆ ಅಂದರೆ ಅರ್ಧ ಚಿಂತೆ ಬಿಡಿ. ಗೂಗಲ್ ನಿಮ್ಮ ಸೈಟನ್ನು ಓದಿದೆ, ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಹೆಸರು ಹಾಕಿದರೂ ಬಾರದವರು ಮೊದಲು ನೋಡಬೇಕಾದ್ದು ಬೇರೆ. ನಿಮ್ಮದು ವರ್ಡ್‌ಪ್ರೆಸ್ ಸೈಟಾದರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟ ಇದೆ. ಅದರ ಕೆಳಗೆ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳಬಾರದು ಎಂದು ಕೇಳಿಕೊಳ್ಳುವ ಒಂದು ಟಿಕ್ ಬಾಕ್ಸ್. ಸೈಟ್ ಕಟ್ಟುವಾಗ ಟಿಕ್ ಹಾಕಿ, ಮುಗಿದ ಮೇಲೆ ತೆಗೆಯಲು ಮರೆಯುವವರು ಇದ್ದಾರೆ. ಅಷ್ಟೇ ಸಾಕು, ಸೈಟ್ ಇದ್ದೂ ಇಲ್ಲದ ಹಾಗೆ.

ಈಗ ನಿಮ್ಮ ವಿಷಯ. ಸೈಟ್ ನೋಡಿದೆ. ಮುಖಪುಟದ ಟೈಟಲ್ ‘ಹೋಮ್’ ಅಂತಿದೆ. ಗೂಗಲ್‌ನ ಪಟ್ಟಿಯಲ್ಲಿ ನೀಲಿ ಅಕ್ಷರದಲ್ಲಿ ಸಾಮಾನ್ಯವಾಗಿ ಕಾಣುವುದು ಈ ಟೈಟಲ್ಲೇ. ಅಲ್ಲಿ ಊರೂ ಇಲ್ಲ, ಹೋಂಸ್ಟೇ ಅನ್ನುವ ಶಬ್ದವೂ ಇಲ್ಲ. ರೂಮಿನ ದರ, ಊಟದ ವಿವರ, ಬರುವ ದಾರಿ ಎಲ್ಲ ಪೋಸ್ಟರ್ ಥರದ ಚಿತ್ರದೊಳಗೆ ಕೂತಿದೆ. ಚಿತ್ರದಲ್ಲಿರುವ ಅಕ್ಷರವನ್ನು ಗೂಗಲ್ ಓದಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಅಷ್ಟನ್ನೂ ಮಾಮೂಲಿ ಬರಹವಾಗಿ ಟೈಪ್ ಮಾಡಿಸಿ. ಪುಟದಲ್ಲಿ ಉಳಿದಿರುವ ಬರಹ ಅಂದರೆ ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಎನ್ನುವ ಒಂದು ಸಾಲು. ಅದನ್ನು ಕೊಡಗಿನವರೂ ಹಾಕಿಕೊಂಡಿದ್ದಾರೆ, ಚಿಕ್ಕಮಗಳೂರಿನವರೂ ಹಾಕಿಕೊಂಡಿದ್ದಾರೆ.

ಇನ್ನು ಆ ಕೀವರ್ಡ್. ಪುಟದ ಕೋಡಿನೊಳಗೆ, ಯಾರಿಗೂ ಕಾಣದ ಜಾಗದಲ್ಲಿ, ಶಿರಸಿ, ಯಾಣ, ಗೋಕರ್ಣ, ಜೋಗ ಎಂದು ಉದ್ದಕ್ಕೆ ಬರೆದಿದ್ದಾರೆ. ರ‍್ಯಾಂಕಿಂಗ್‌ಗೆ, ಅಂದರೆ ಯಾರು ಮೇಲೆ ಯಾರು ಕೆಳಗೆ ಎಂದು ತೀರ್ಮಾನಿಸಲು, ಈ ಕೀವರ್ಡ್ ಟ್ಯಾಗನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಇದ್ದರೆ ನಷ್ಟ ಇಲ್ಲ. ಆದರೆ ಅದನ್ನು ತೋರಿಸಿ, ಗೂಗಲ್‌ನಲ್ಲಿ ಮೇಲೆ ಬರಲು ಮಾಡಬೇಕಾದ ಕೆಲಸವೆಲ್ಲ ಮುಗಿಯಿತು ಎಂಬಂತೆ ‘ಎಸ್‌ಇಒ ಮಾಡಿದ್ದೇವೆ’ ಅಂದರೆ ಒಪ್ಪಬೇಡಿ.

‘ಶಿರಸಿ ಹೋಂಸ್ಟೇ’ ಎಂಬ ಎರಡು ಶಬ್ದದ ಹಿಂದೆ ಬೀಳಬೇಡಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ದೊಡ್ಡ ಬುಕಿಂಗ್ ಸೈಟುಗಳಿವೆ. ಒಂದೊಂದರಲ್ಲೂ ನೂರಾರು ಮನೆಗಳ ಪಟ್ಟಿ, ವರ್ಷಗಟ್ಟಲೆಯ ರಿವ್ಯೂ. ಅವರಲ್ಲಿ ಇಲ್ಲದ್ದು ನಿಮ್ಮಲ್ಲಿ ಒಂದಿದೆ: ದಿನಾ ಬರುವ ಫೋನು. ಒಂದು ವಾರ ಫೋನ್ ಪಕ್ಕ ನೋಟ್‌ಬುಕ್ ಇಡಿ. ಕರೆ ಮಾಡಿದವರು ಕೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ‘ಮಳೆಗಾಲದಲ್ಲಿ ಕಾರು ಮನೆ ತನಕ ಬರುತ್ತಾ?’ ‘ಇಂಬಳ ಕಾಟ ಎಷ್ಟಿದೆ?’ ‘ಜಿಯೋ ಸಿಗ್ನಲ್ ಇದೆಯಾ, ವರ್ಕ್ ಫ್ರಮ್ ಹೋಮ್ ಮಾಡಬಹುದಾ?’ ‘ವಯಸ್ಸಾದ ಅಮ್ಮ ಇದ್ದಾರೆ, ಇಂಡಿಯನ್ ಟಾಯ್ಲೆಟ್ಟಾ ವೆಸ್ಟರ್ನಾ?’ ‘ನಿಮ್ಮಲ್ಲಿ ಮೀನು ಮಾಡ್ತೀರಾ?’ ಜನ ಗೂಗಲ್‌ಗೂ ಇದನ್ನೇ ಕೇಳುತ್ತಾರೆ. ಬುಕಿಂಗ್ ಸೈಟಿಗೆ ಇದರ ಉತ್ತರ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಅದನ್ನು ಸೈಟಿನಲ್ಲಿ ಬರೆಯಿರಿ, ಫೋನಿನಲ್ಲಿ ಹೇಳುವ ಹಾಗೇ.

ಉದಾಹರಣೆಗೆ ಸಹಸ್ರಲಿಂಗ. ಎಲ್ಲ ಸೈಟಿನಲ್ಲೂ ‘ಹತ್ತಿರದ ಪ್ರವಾಸಿ ತಾಣ’ ಎಂದು ಒಂದು ಸಾಲು ಇರುತ್ತದೆ. ಶಾಲ್ಮಲಾ ತುಂಬಿ ಹರಿಯುವ ಮಳೆಗಾಲದಲ್ಲಿ ಲಿಂಗಗಳು ನೀರಿನಡಿ ಹೋಗುತ್ತವೆ, ನೀರು ಇಳಿದ ಮೇಲೆ ಬಂದರೆ ಚೆನ್ನಾಗಿ ಕಾಣುತ್ತವೆ ಎಂದು ಬರೆದವರು ಕಮ್ಮಿ. ಜುಲೈನಲ್ಲಿ ಬೆಂಗಳೂರಿನಿಂದ ಹೊರಡುವವರಿಗೆ ಬೇಕಾದ್ದು ಅದು. ಹಾಗೇ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಉಳಿಯಲು ಜಾಗ ಹುಡುಕುವವರು ತಿಂಗಳುಗಟ್ಟಲೆ ಮೊದಲೇ ಶುರು ಮಾಡುತ್ತಾರೆ. ಜಾತ್ರೆ ಸಮಯದ ರೂಮು, ಪೇಟೆಯಿಂದ ದೂರ, ರಾತ್ರಿ ತಡವಾಗಿ ಬಂದರೆ ಗೇಟು ತೆರೆಯುತ್ತೀರಾ, ಇಷ್ಟಕ್ಕೆ ಒಂದು ಪುಟ ಇರಲಿ. ಜಾತ್ರೆ ಮುಗಿದ ಮೇಲೆ ಅದನ್ನು ಅಳಿಸಬೇಡಿ. ಮುಂದಿನ ಜಾತ್ರೆಗೆ ಅದೇ ವಿಳಾಸದಲ್ಲಿ ದಿನಾಂಕ, ದರ ತಿದ್ದಿ. ಹಳೆ ಪುಟಕ್ಕೆ ಬೇರೆಯವರು ಕೊಟ್ಟ ಲಿಂಕುಗಳು ಹಾಗೇ ಉಳಿಯುತ್ತವೆ.

ವೆಬ್‌ಸೈಟಿಗಿಂತ ಬೇಗ ಫಲ ಕೊಡುವುದು ಗೂಗಲ್ ಬಿಸಿನೆಸ್ ಪ್ರೊಫೈಲ್. ಅದೇ, ಮ್ಯಾಪಿನಲ್ಲಿ ಫೋಟೊ, ಫೋನ್ ನಂಬರ್, ಸ್ಟಾರ್ ಸಮೇತ ಬರುತ್ತಲ್ಲ, ಅದು. ದುಡ್ಡು ಕೊಡಬೇಕಾಗಿಲ್ಲ. ಇಲ್ಲಿ ಯಾರನ್ನು ಮೇಲೆ ತೋರಿಸಬೇಕು ಎಂಬುದಕ್ಕೆ ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಲಿಲ್ಲ. ಉಳಿದೆರಡು ಇದೆ. ಕ್ಯಾಟಗರಿ ಸರಿಯಾಗಿ ಆರಿಸಿ. ಪಿನ್ ಎಲ್ಲಿ ಬಿದ್ದಿದೆ ನೋಡಿ. ನಮ್ಮಲ್ಲಿ ಮನೆ ಒಂದು ಕಡೆ, ಡಾಂಬರು ರಸ್ತೆ ಇನ್ನೊಂದು ಕಡೆ, ನಡುವೆ ಅಡಿಕೆ ತೋಟ. ಪಿನ್ ಸಂಕದ ಆಚೆ ಬಿದ್ದಿದ್ದರೆ ಅತಿಥಿಗಳು ರಾತ್ರಿ ಹತ್ತು ಗಂಟೆಗೆ ಯಾರದೋ ಅಂಗಳದಲ್ಲಿ ಕಾರು ತಿರುಗಿಸುತ್ತಿರುತ್ತಾರೆ! ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರನ್ನಷ್ಟೇ ಹಾಕಿ. ‘ಬೆಸ್ಟ್ ಹೋಂಸ್ಟೇ ನಿಯರ್ ಯಾಣ’ ಅಂತ ಜೋಡಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಬಂದ್ ಆಗಬಹುದು. ರಿವ್ಯೂ ಬರೆಯಿರಿ ಎಂದು ಅತಿಥಿಗಳನ್ನು ಕೇಳುವುದರಲ್ಲಿ ತಪ್ಪಿಲ್ಲ. ಬರೆದರೆ ಬಿಲ್ಲಿನಲ್ಲಿ ಬಿಡುತ್ತೇವೆ ಅನ್ನಬಾರದು, ಅದೂ ನಿಯಮಕ್ಕೆ ವಿರುದ್ಧ. ಬೈದು ಬರೆದವರಿಗೂ ಸಮಾಧಾನದಿಂದ ಉತ್ತರಿಸಿ. ಮುಂದೆ ಬರುವವರು ಬೈಗುಳದ ಜೊತೆ ನಿಮ್ಮ ಉತ್ತರವನ್ನೂ ಓದುತ್ತಾರೆ.

ಇನ್ನೊಂದು, ಫೋಟೊ. ನಿಮ್ಮ ಮುಖಪುಟದಲ್ಲಿ ಫೋನಿನಿಂದ ನೇರವಾಗಿ ಏರಿಸಿದ ಫೋಟೊಗಳಿವೆ. ಒಂದೊಂದೂ ಆರೇಳು ಎಂಬಿ. ದೇವಿಮನೆ ಘಟ್ಟ ಹತ್ತುತ್ತಾ ನಿಮ್ಮ ಸೈಟ್ ತೆರೆಯುವವರ ಗತಿ ಏನು? ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಫೋಟೊ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನದೇ ಉಚಿತ ಪರೀಕ್ಷೆ ಇದೆ. ಅದರಲ್ಲಿ ಮೊಬೈಲ್ ಭಾಗ ನೋಡಿ, ಕಂಪ್ಯೂಟರಿನದ್ದು ಆಮೇಲೆ. ಈಗ ಗೂಗಲ್ ನಿಮ್ಮ ಪುಟವನ್ನು ಓದಿಕೊಳ್ಳುವುದೂ ಮೊಬೈಲಿನಲ್ಲಿ ಕಾಣುವ ರೂಪದಲ್ಲೇ.

ಎಷ್ಟು ದಿನ ಅಂದಿರಿ. ಸರಿಯಾದ ಕೆಲಸ ಶುರು ಮಾಡಿದ ಮೇಲೆ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್ಲೇ ಹೇಳಿದೆ. ಏನೂ ಮಾಡದೆ ಸುಮ್ನೆ ಕಾಯುವುದಕ್ಕೆ ಲೆಕ್ಕ ಇಲ್ಲ.

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಸಣ್ಣ ಲಾಡ್ಜು. ಒಂದು ಕಂಪನಿಯವರು ಫೋನ್ ಮಾಡಿ, ‘ನಾವು ಗೂಗಲ್ ಪಾರ್ಟ್ನರ್, 30 ದಿನದಲ್ಲಿ ನಿಮ್ಮನ್ನು ನಂಬರ್ ಒನ್ ಮಾಡುತ್ತೇವೆ, ಗ್ಯಾರಂಟಿ, 500 ಬ್ಯಾಕ್‌ಲಿಂಕ್ ಫ್ರೀ’ ಎನ್ನುತ್ತಿದ್ದಾರೆ. ಮಗ ಕೊಡೋಣ ಅಂತಾನೆ. ನನಗೆ ಧೈರ್ಯ ಇಲ್ಲ.

ಉತ್ತರ: ಕೊಡಬೇಡಿ ಮಾರಾಯ್ರೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ. ದುಡ್ಡು ಕೊಟ್ಟು ಮೇಲೆ ಬರುವ ದಾರಿ ಒಂದಿದೆ, ಜಾಹೀರಾತು. ಅದರ ಮೇಲೆ ‘ಸ್ಪಾನ್ಸರ್ಡ್’ ಎಂದು ಬರೆದಿರುತ್ತದೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ. ಜಾಹೀರಾತು ಕೊಟ್ಟರೆ ಮಾಮೂಲಿ ಪಟ್ಟಿಯಲ್ಲಿ ಮೇಲೆ ಹೋಗುತ್ತೇವೆ ಎಂಬ ನಂಬಿಕೆಯೂ ಸುಳ್ಳು.

500 ಬ್ಯಾಕ್‌ಲಿಂಕಿನ ಕತೆ ಹೀಗೆ. ಬೇರೆ ಸೈಟುಗಳು ನಿಮಗೆ ಲಿಂಕ್ ಕೊಟ್ಟರೆ ಗೂಗಲ್ ಅದನ್ನು ಒಳ್ಳೆಯ ಮಾತೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೇ ಲಿಂಕ್ ಮಾರುವ ದಂಧೆ ಹುಟ್ಟಿತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದು ಗೂಗಲ್ ಇಂಥ ಸೈಟುಗಳನ್ನು ಕೆಳಗೆ ತಳ್ಳಿತು. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಈಗಲೂ ಸ್ಪ್ಯಾಮ್ ಲೆಕ್ಕವೇ. ಯಾವುದೋ ದೇಶದ ಜೂಜಿನ ಸೈಟಿನಲ್ಲಿ ಕಾರವಾರದ ಲಾಡ್ಜಿನ ಲಿಂಕ್ ಇದ್ದರೆ ಯಾರು ನಂಬುತ್ತಾರೆ? ದೇವಬಾಗಕ್ಕೆ ದೋಣಿ ಬಿಡುವವರ ಸೈಟು, ನಿಮ್ಮಲ್ಲಿ ಉಳಿದು ಹೋದ ಬೈಕ್ ಕ್ಲಬ್ಬಿನವರ ಪ್ರವಾಸ ಬರಹ, ಮದುವೆ ಹಾಲ್‌ನವರು ಹಾಕಿದ ‘ಹತ್ತಿರದ ಲಾಡ್ಜ್’ ಪಟ್ಟಿ, ಇಂಥ ನಾಲ್ಕು ಲಿಂಕ್ ಸಾಕು.

ಮಗನಿಗೆ ಬೇರೊಂದು ಕೆಲಸ ಹಚ್ಚಿ. ನಿಮ್ಮ ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ ನೋಂದಣಿ ಆಗಿದೆ ನೋಡಲಿ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಇವತ್ತೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಾಳೆ ಅವರು ಫೋನ್ ಎತ್ತದಿದ್ದರೆ, ರಿನ್ಯೂವಲ್ ತಪ್ಪಿದರೆ, ವಿಳಾಸವೇ ಕೈಬಿಟ್ಟು ಹೋಗುತ್ತದೆ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬುದೂ ಉಚಿತ. ಜನ ಏನು ಹುಡುಕಿ ನಿಮ್ಮಲ್ಲಿಗೆ ಬಂದರು, ಯಾವ ಪುಟ ಗೂಗಲ್‌ಗೆ ಸಿಗಲಿಲ್ಲ, ಎಲ್ಲ ಅಲ್ಲಿ ಕಾಣುತ್ತದೆ. ಅದರ ಮಾಲೀಕತ್ವ ನಿಮ್ಮ ಜಿಮೇಲಿನಲ್ಲಿರಲಿ. ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಅವರನ್ನು ಬಳಕೆದಾರ ಎಂದು ಸೇರಿಸಿ, ಬಿಟ್ಟ ದಿನ ತೆಗೆಯಿರಿ. ಪಾಸ್‌ವರ್ಡ್ ಕೊಡುವುದು ಬೇಡ.

ಪ್ರಶ್ನೆ: ಹೊನ್ನಾವರದ ಕಡೆಯವರು ನಾವು. ಯಕ್ಷಗಾನದ ಬಗ್ಗೆ ಹಿರಿಯರು ಬರೆದ ನೂರಾರು ಲೇಖನಗಳನ್ನು ಹದಿನೈದು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಸೈಟಿಗೆ ಹಾಕಿದ್ದೆವು. ಓದಲು ಚೆನ್ನಾಗಿಯೇ ಕಾಣುತ್ತದೆ. ಆದರೆ ಲೇಖನದ ಸಾಲನ್ನೇ ಗೂಗಲ್‌ಗೆ ಕೊಟ್ಟರೂ ಸಿಗುವುದಿಲ್ಲ.

ಉತ್ತರ: ಆ ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ ನೋಡಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಿದ್ದರೆ ಕಾರಣ ಸಿಕ್ಕಿತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಮಾತ್ರ ಅದರ ಮೇಲೆ ಕನ್ನಡದ ರೂಪ ತೋರಿಸುತ್ತದೆ. ನಮ್ಮ ಕಣ್ಣಿಗೆ ‘ಭಾಗವತ’, ಗೂಗಲ್ ಕಣ್ಣಿಗೆ ಅರ್ಥವಿಲ್ಲದ ಗೀಚು. ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇರುವ ಪದ್ಧತಿಗೆ, ಬದಲಿಸದೆ ಬೇರೆ ದಾರಿ ಇಲ್ಲ.

ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಾದ ಮೇಲೆ ಒಬ್ಬರು ಕೂತು ಓದಲೇಬೇಕು. ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳಲ್ಲಿ ಎಡವಟ್ಟು ಆಗುತ್ತದೆ. ಪದ್ಯದ ಸಾಲುಗಳನ್ನು ಎರಡು ಸಲ ನೋಡಿ, ಅಲ್ಲಿ ಒಂದು ಮಾತ್ರೆ ತಪ್ಪಿದರೂ ಹಿಮ್ಮೇಳದವರು ಸುಮ್ಮನಿರುವುದಿಲ್ಲ! ಪುಟಗಳ ವಿಳಾಸ ಹಳೆಯದೇ ಇರಲಿ. ಬದಲಿಸಲೇಬೇಕಾದರೆ ಹಳೆ ವಿಳಾಸ ತೆರೆದವರನ್ನು ತಾನಾಗಿಯೇ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿಸಿ, ಅದನ್ನು ಕಡಿಮೆ ಅಂದರೆ ಒಂದು ವರ್ಷ ತೆಗೆಯಬೇಡಿ.

ಸ್ಕ್ಯಾನ್ ಮಾಡಿದ ಹಳೆ ಪುಸ್ತಕದ ಪಿಡಿಎಫ್ ಇದ್ದರೆ ಪಕ್ಕದಲ್ಲಿ ಹತ್ತು ಸಾಲು ಬರೆಯಿರಿ: ಯಾವ ಪ್ರಸಂಗ, ಯಾವ ವರ್ಷ, ಯಾರ ಬರಹ. ಶಿರಸಿಯನ್ನು ಸಿರ್ಸಿ ಎಂದು ಬರೆಯುವವರೂ ಇದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದು ಹುಡುಕುವವರೂ ತುಂಬ. ಊರು, ಪ್ರಸಂಗಗಳ ಹೆಸರು ಪುಟದಲ್ಲಿ ಎಲ್ಲೋ ಒಂದು ಕಡೆ ಇಂಗ್ಲಿಷ್ ಅಕ್ಷರದಲ್ಲೂ ಇದ್ದರೆ ಒಳ್ಳೆಯದು, ಓದುವವರಿಗೆ ಅಡ್ಡ ಬಾರದ ಹಾಗೆ.

ಪ್ರಶ್ನೆ: ಸಿದ್ದಾಪುರದಿಂದ ಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಎಐನಿಂದ ಉಪ್ಪಿನಕಾಯಿ ಬಗ್ಗೆ ಇನ್ನೂರು ಲೇಖನ ಬರೆಸಿ ಹಾಕಿದರೆ ಗಿರಾಕಿ ಬರುತ್ತಾರಾ?

ಉತ್ತರ: ಇಲ್ಲ. ರ‍್ಯಾಂಕಿಂಗ್‌ಗಾಗಿ ರಾಶಿ ರಾಶಿ ಪುಟ ಸುರಿಯುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಎಂದು ಹೆಸರಿಟ್ಟು ನೋಡುತ್ತಿದೆ, ಬರೆದದ್ದು ಯಂತ್ರವಾದರೂ ಅಷ್ಟೇ, ಮನುಷ್ಯರಾದರೂ ಅಷ್ಟೇ. ಕಾಗುಣಿತ ನೋಡಲು, ಇಂಗ್ಲಿಷಿಗೆ ತಿರುಗಿಸಲು ಎಐ ಬಳಸಿ, ಬೇಡ ಅನ್ನುವುದಿಲ್ಲ. ಇನ್ನೂರರ ಬದಲು ಒಂದೇ ಪುಟ ಬರೆಯಿರಿ. ಅಪ್ಪೆಮಿಡಿಯನ್ನು ತೊಟ್ಟು ಸಮೇತ ಯಾಕೆ ಕೊಯ್ಯುತ್ತೀರಿ, ಸೊನೆ ಹೋದರೆ ಏನಾಗುತ್ತದೆ, ಉಪ್ಪಿನಲ್ಲಿ ಮುರುಟಲು ಎಷ್ಟು ದಿನ ಬಿಡುತ್ತೀರಿ, ಅಂಗಡಿಯ ಬಾಟಲಿಗೂ ನಿಮ್ಮ ಭರಣಿಗೂ ಏನು ವ್ಯತ್ಯಾಸ. ಭರಣಿಯ ನಿಮ್ಮದೇ ಫೋಟೊ ಹಾಕಿ. ಕೊರಿಯರ್‌ನಲ್ಲಿ ಸೋರದ ಹಾಗೆ ಹೇಗೆ ಕಟ್ಟುತ್ತೀರಿ ಎಂಬುದನ್ನೂ ಬರೆಯಿರಿ, ಗಿರಾಕಿಗಳಿಗೆ ಆ ಭಯ ಜಾಸ್ತಿ.

ಪ್ರಶ್ನೆ: ಅಂಕೋಲಾದಲ್ಲಿ ಇಶಾಡ ಮಾವಿನ ಹಣ್ಣು ಮಾರುತ್ತೇವೆ. ಸೀಸನ್ ಕೆಲವೇ ವಾರ. ಉಳಿದ ತಿಂಗಳು ಆ ಪುಟ ತೆಗೆದುಬಿಡಲಾ?

ಉತ್ತರ: ತೆಗೆಯಬೇಡಿ. ಅಂಕೋಲಾದ ಕರಿ ಇಶಾಡಕ್ಕೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಸರು ಕೇಳಿ ಹುಡುಕುವವರು ವರ್ಷವಿಡೀ ಇರುತ್ತಾರೆ. ಪ್ರತಿ ವರ್ಷ ಅಳಿಸಿ ಹೊಸ ಪುಟ ಮಾಡಿದರೆ ಗೂಗಲ್‌ಗೆ ಪ್ರತಿ ವರ್ಷವೂ ನೀವು ಹೊಸಬರೇ. ‘ಈಗ ಹಣ್ಣಿಲ್ಲ’ ಎಂದು ಮೇಲೆಯೇ ಬರೆದು, ಮುಂದಿನ ಸೀಸನ್ ಯಾವ ತಿಂಗಳು ಎಂಬುದನ್ನು ಹಾಕಿ, ಕೆಳಗೆ ವಾಟ್ಸಾಪ್ ನಂಬರ್ ಕೊಡಿ. ಹಣ್ಣು ಬಂದಾಗ ತಿಳಿಸಿ ಎಂದು ಮೆಸೇಜ್ ಮಾಡಿದವರ ಪಟ್ಟಿ ಇಟ್ಟುಕೊಂಡರೆ ಮೊದಲ ವಾರದ ಹಣ್ಣಿಗೆ ಗೂಗಲ್ ಕೂಡ ಬೇಕಾಗುವುದಿಲ್ಲ.